ಬೆಕ್ಕಿನಿಂದ ಬಂದ ಹುಳುಕಡ್ಡಿಯೋ, ಮನುಷ್ಯರಿಂದ ಬಂದದ್ದೋ? ತಿಳಿದು ಚಿಕಿತ್ಸೆ ಮಾಡಿಸುವ ಬಗೆ

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ದಿನವಿಡೀ ಮಷಿನ್ ಮುಂದೆ ಕೂರುವ ಹುಡುಗನ ತೊಡೆಸಂದಿಯಲ್ಲಿ ಒಂದು ಉಂಗುರ. ಗಂಗಾವತಿಯಲ್ಲಿ ಪರ್ಷಿಯನ್ ಬೆಕ್ಕಿನ ಮರಿಯನ್ನು ಅವಚಿಕೊಂಡು ಮಲಗುವ ಹುಡುಗಿಯ ಕುತ್ತಿಗೆಯಲ್ಲಿ ಒಂದು. ಸಿಂಧನೂರಿನ ಕ್ಯಾಂಪೊಂದರಲ್ಲಿ ಎಮ್ಮೆಗರುವನ್ನು ಬಿಡುವ, ಕಟ್ಟುವ ಹೆಂಗಸಿನ ಮುಂಗೈಯಲ್ಲಿ ಇನ್ನೊಂದು. ಮೂರೂ ಗುಂಡಗೆ, ಅಂಚು ಕೆಂಪಗೆ, ನಡುವೆ ತಿಳಿಯಾಗಿ, ಸಂಜೆಯಾದರೆ ತಡೆಯಲಾರದ ತುರಿಕೆ. ಮೂವರೂ ಮೆಡಿಕಲ್ ಶಾಪಿಗೆ ಹೋಗಿ ‘ಅಣ್ಣಾ, ಹುಳುಕಡ್ಡಿ ಟ್ಯೂಬ್ ಕೊಡ್ರಿ’ ಅಂದರೆ ಮೂವರಿಗೂ ಸಿಗುವುದು ಒಂದೇ ಟ್ಯೂಬ್.

ಆದರೆ ಆ ಮೂವರ ಚರ್ಮದಲ್ಲಿ ಬೆಳೆಯುತ್ತಿರುವ ಶಿಲೀಂಧ್ರ ಒಂದೇ ಆಗಿರುವ ಸಂಭವ ಕಡಿಮೆ. ಬಂದ ದಾರಿ ಬೇರೆ, ಬಗ್ಗುವ ಔಷಧಿ ಬೇರೆ, ಮನೆಯಲ್ಲಿ ತೊಳೆಯಬೇಕಾದ ಜಾಗವೂ ಬೇರೆ. ಇದನ್ನು ವಿಚಾರಿಸದೆ ಟ್ಯೂಬಿನ ಮೇಲೆ ಟ್ಯೂಬ್ ಖಾಲಿ ಮಾಡುವವರು ನಮ್ಮಲ್ಲಿ ಬಹಳ. ಯಾವ ತಪ್ಪೂ ಮಾಡದ ನಾಯಿಯನ್ನು ಊರಾಚೆ ಬಿಟ್ಟು ಬರುವವರೂ ಇದ್ದಾರೆ. ಅದಕ್ಕೇ ಉಂಗುರ ಕಂಡ ದಿನದಿಂದ ವಾಸಿಯಾಗುವ ತನಕ ಏನೇನು ಮಾಡಬೇಕು ಎಂಬುದನ್ನು ಒಂದರ ಹಿಂದೆ ಒಂದಾಗಿ ಬರೆದಿದ್ದೇನೆ.

1. ಕೈಯಲ್ಲಿರುವ ಟ್ಯೂಬಿನ ಹೆಸರು ಓದಿ

ಈಗಾಗಲೇ ಏನಾದರೂ ಹಚ್ಚುತ್ತಿದ್ದರೆ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ನೋಡಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಡೆಕ್ಸಾಮೆಥಾಸೋನ್ ಎಂದು ಬರೆದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಶಿಲೀಂಧ್ರದ ಔಷಧಿ, ಬ್ಯಾಕ್ಟೀರಿಯಾದ ಔಷಧಿ, ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಟ್ಯೂಬುಗಳು ನಮ್ಮ ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಗುತ್ತವೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ವಾಸಿಯಾಯಿತು ಅನಿಸುತ್ತದೆ. ನಿಜದಲ್ಲಿ ಸ್ಟೀರಾಯ್ಡ್ ಮಾಡಿದ್ದು ಇಷ್ಟೇ: ಶಿಲೀಂಧ್ರದ ಮೇಲೆ ನಮ್ಮ ದೇಹ ನಡೆಸುತ್ತಿದ್ದ ಹೋರಾಟವನ್ನು ಅಡಗಿಸಿದೆ. ಶಿಲೀಂಧ್ರ ಅಲ್ಲೇ ಇದ್ದು, ಸದ್ದಿಲ್ಲದೆ ಅಗಲವಾಗುತ್ತದೆ. ಟ್ಯೂಬ್ ಬಿಟ್ಟ ವಾರದಲ್ಲಿ ಮೊದಲಿಗಿಂತ ದೊಡ್ಡದಾಗಿ ಮರಳುತ್ತದೆ. ಗುಂಡಗಿನ ಅಂಚು ಅಳಿಸಿಹೋಗುವುದರಿಂದ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ತೊಡೆಸಂದಿಯ ತೆಳು ಚರ್ಮದಲ್ಲಂತೂ ಬಿಳಿಗೀರುಗಳು ಬಿದ್ದು ಜೀವನಪೂರ್ತಿ ಉಳಿಯುತ್ತವೆ.

ಅಂಥ ಟ್ಯೂಬನ್ನು ನಿಲ್ಲಿಸಿ. ತಿಂಗಳುಗಟ್ಟಲೆ ಮೈತುಂಬ ಹಚ್ಚಿದ್ದರೆ, ಅಥವಾ ಮಗುವಿಗೆ ಹಚ್ಚುತ್ತಿದ್ದರೆ, ನಿಲ್ಲಿಸುವ ಮುನ್ನ ವೈದ್ಯರಿಗೆ ತೋರಿಸಿ. ನಿಲ್ಲಿಸಿದ ಮೇಲೆ ಕೆಲವು ದಿನ ಉರಿ, ಕೆಂಪು ಹೆಚ್ಚಾಗುವುದು ಸಾಮಾನ್ಯ. ಅದಕ್ಕೆ ಹೆದರಿ ಮತ್ತೆ ಅದೇ ಟ್ಯೂಬಿಗೆ ಹೋಗಬೇಡಿ.

2. ಅದು ಹುಳುಕಡ್ಡಿಯೇ ಹೌದೇ?

ಗುಂಡಗಿರುವುದೆಲ್ಲ ಹುಳುಕಡ್ಡಿಯಲ್ಲ. ಸೋರಿಯಾಸಿಸ್, ಕೆಲವು ಬಗೆಯ ಎಕ್ಸಿಮಾ ಕೂಡ ಗುಂಡಗೆ ಕಾಣುತ್ತವೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಮಚ್ಚೆಯಲ್ಲಿ ತುರಿಕೆಯೇ ಇಲ್ಲ, ಮುಟ್ಟಿದರೆ ಸ್ಪರ್ಶ ಮಂದವಾಗಿದೆ, ಅಲ್ಲಿ ಬೆವರುವುದಿಲ್ಲ, ಕೂದಲು ಉದುರಿದೆ ಅಂದರೆ ಕುಷ್ಠದ ತಪಾಸಣೆ ತಡಮಾಡದೆ ಆಗಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿ ಇದೆ, ಬೇಗ ಶುರುಮಾಡಿದರೆ ಪೂರ್ತಿ ವಾಸಿಯಾಗುತ್ತದೆ. ಹತ್ತಿಯ ಎಳೆಯೊಂದನ್ನು ಮಚ್ಚೆಯ ಮೇಲೂ ಪಕ್ಕದ ಚರ್ಮದ ಮೇಲೂ ಆಡಿಸಿ ನೋಡಿ. ವ್ಯತ್ಯಾಸ ಗೊತ್ತಾದರೆ ಅವತ್ತೇ ತೋರಿಸಿ.

ನಾಯಿ ಬೆಕ್ಕುಗಳಿಗೂ ಇದೇ ಮಾತು. ಕೂದಲು ಉದುರಿದ ಜಾಗವೆಲ್ಲ ಶಿಲೀಂಧ್ರದ್ದಲ್ಲ. ಬೀದಿನಾಯಿಗಳಲ್ಲಿ ಕಾಣುವ ಕಜ್ಜಿ ಬಹುಪಾಲು ಕಣ್ಣಿಗೆ ಕಾಣದ ನುಸಿಗಳ ಕೆಲಸ. ಅದರ ಔಷಧಿಯೇ ಬೇರೆ.

3. ಯಾರ ಶಿಲೀಂಧ್ರ ಇದು?

ಹುಳುಕಡ್ಡಿ ತರುವ ಶಿಲೀಂಧ್ರಗಳು ಹತ್ತಾರು. ಎಲ್ಲವೂ ತಿನ್ನುವುದು ಕೆರಟಿನ್ ಎಂಬ ಒಂದೇ ವಸ್ತುವನ್ನು. ಚರ್ಮದ ಮೇಲ್ಪದರ, ಕೂದಲು, ಉಗುರು, ಕೊಂಬು, ಗೊರಸು ಎಲ್ಲ ಅದರಿಂದಲೇ ಆದದ್ದು. ಆದರೆ ಯಾರ ಮೈಮೇಲೆ ಬಾಳಲು ಹೊಂದಿಕೊಂಡಿವೆ ಎಂಬುದನ್ನು ನೋಡಿ ಇವನ್ನು ಮೂರು ಗುಂಪು ಮಾಡುತ್ತಾರೆ: ಮನುಷ್ಯರಲ್ಲಿ ನೆಲೆಸಿದವು, ಪ್ರಾಣಿಗಳಲ್ಲಿ ನೆಲೆಸಿದವು, ಮಣ್ಣಿನಲ್ಲಿ ಬದುಕುವವು.

ಬೆಕ್ಕಿನಿಂದ, ನಾಯಿಯಿಂದ ನಮಗೆ ಬರುವುದು ಹೆಚ್ಚಾಗಿ ಮೈಕ್ರೋಸ್ಪೋರಮ್ ಕ್ಯಾನಿಸ್. ಹೆಸರಿನಲ್ಲಿ ನಾಯಿ ಇದ್ದರೂ ಇದರ ಮುಖ್ಯ ಮನೆ ಬೆಕ್ಕು, ಅದರಲ್ಲೂ ಉದ್ದ ಕೂದಲಿನ ಪರ್ಷಿಯನ್ ಬೆಕ್ಕು ಮತ್ತು ಎಳೆಯ ಮರಿಗಳು. ಮೈಮೇಲೆ ಒಂದು ಗುರುತೂ ಇಲ್ಲದ ಬೆಕ್ಕು ಕೂಡ ಕೂದಲಿನಲ್ಲಿ ಇದರ ಬೀಜಕಣಗಳನ್ನು ಹೊತ್ತು ತಿರುಗಬಲ್ಲದು. ಕರುಗಳ ಕಣ್ಣು, ಕಿವಿ, ಕುತ್ತಿಗೆಯ ಸುತ್ತ ಬೂದಿ ಬಣ್ಣದ ದಪ್ಪ ಹೆಕ್ಕಳ ಕಟ್ಟಿದ್ದರೆ ಅದು ಟ್ರೈಕೊಫೈಟಾನ್ ವೆರುಕೋಸಮ್ ಇರಬಹುದು. ಇಲಿ, ಮೊಲಗಳ ಮೈಯಿಂದ ಟ್ರೈಕೊಫೈಟಾನ್ ಮೆಂಟಾಗ್ರೊಫೈಟಿಸ್ ಬರುತ್ತದೆ. ಪೆಟ್ ಶಾಪಿನ ಗಿನಿ ಪಿಗ್ ಮನೆಗೆ ಬಂದಿದ್ದರೆ ಟ್ರೈಕೊಫೈಟಾನ್ ಬೆನ್ಹಾಮಿಯೇ ಎಂಬುದನ್ನೂ ನೆನಪಿಡಬೇಕು. ಹೊಲದ ಮಣ್ಣಿನಲ್ಲಿ ಬದುಕುವ ನ್ಯಾನಿಜಿಯಾ ಜಿಪ್ಸಿಯಾ, ನೆಲ ಕೆದಕುವ ನಾಯಿಯ ಮೂತಿಗೂ ಪಂಜಕ್ಕೂ, ಮಣ್ಣಿನಲ್ಲಿ ಕೈಯಾಡಿಸುವ ರೈತರಿಗೂ ಹತ್ತುತ್ತದೆ.

ನಮ್ಮ ಸೀಮೆಗೆ ಹತ್ತಿರದ ಇನ್ನೊಂದಿದೆ. ಟ್ರೈಕೊಫೈಟಾನ್ ಸಿಮಿಐ ಎಂಬುದನ್ನು 1912ರಲ್ಲಿ ಮೊದಲು ವಿವರಿಸಿದ್ದು ಮಂಗಗಳ ಮೈಯಿಂದ. ಇದು ಹೆಚ್ಚಾಗಿ ಸಿಕ್ಕಿರುವುದೂ ನಮ್ಮ ದೇಶದಲ್ಲೇ, ಮಂಗಗಳಲ್ಲಿ ಮತ್ತು ಕೋಳಿಗಳಲ್ಲಿ. ಆನೆಗೊಂದಿ, ಅಂಜನಾದ್ರಿಯ ಕಡೆ ಮಂಗಗಳಿಗೆ ಕೈಯಾರೆ ಬಾಳೆಹಣ್ಣು ತಿನ್ನಿಸುವವರು, ಮನೆಯಲ್ಲಿ ನಾಟಿಕೋಳಿ ಸಾಕುವವರು ವೈದ್ಯರ ಮುಂದೆ ಆ ಸಂಗತಿಯನ್ನು ಹೇಳಿದರೆ ಒಳ್ಳೆಯದು.

ಇನ್ನು ಮನುಷ್ಯರಿಂದಲೇ ಮನುಷ್ಯರಿಗೆ ಹರಡುವವು. ಹಳೆಯ ಕಾಲದಿಂದ ಇದ್ದದ್ದು ಟ್ರೈಕೊಫೈಟಾನ್ ರುಬ್ರಮ್. ಮಕ್ಕಳ ತಲೆಯಲ್ಲಿ ಕೂದಲು ಮುರಿದು ಕಪ್ಪುಚುಕ್ಕೆಗಳಂತೆ ಕಾಣುವುದು ಟ್ರೈಕೊಫೈಟಾನ್ ವಯೊಲೇಸಿಯಮ್. ಭಾರತದ ಮಕ್ಕಳ ತಲೆಯ ಹುಳುಕಡ್ಡಿಗೆ ಬಹುಪಾಲು ಇದೇ ಕಾರಣ. ಬಾಚಣಿಗೆ, ಟೋಪಿ, ದಿಂಬು ಹಂಚಿಕೊಳ್ಳುವುದರಿಂದ ಬರುತ್ತದೆ. ಅದಕ್ಕೇ ಮಗುವಿನ ತಲೆಯಲ್ಲಿ ಗುಂಡು ಬೋಳು ಕಂಡ ಕೂಡಲೇ ಬೆಕ್ಕಿನ ಮೇಲೆ ಗೂಬೆ ಕೂರಿಸಬಾರದು.

ಕಳೆದ ಹತ್ತು ವರ್ಷಗಳಿಂದ ಈಚೆಗೆ ನಮ್ಮ ದೇಶದ ಮನೆಮನೆಗಳಲ್ಲಿ ಕಾಡುತ್ತಿರುವುದು ಮತ್ತೊಂದು, ಟ್ರೈಕೊಫೈಟಾನ್ ಇಂಡೋಟಿನಿಯೇ. ತೊಡೆಸಂದಿ, ಸೊಂಟ, ಪೃಷ್ಠ, ಹೊಟ್ಟೆಯ ಮೇಲೆ ಅಂಗೈಗಿಂತ ಅಗಲವಾಗಿ ಹರಡಿ ಗಂಡ, ಹೆಂಡತಿ, ಮಕ್ಕಳು ಎಲ್ಲರಿಗೂ ಬರುವುದು ಹೆಚ್ಚಾಗಿ ಇದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರು, ಕೊಪ್ಪಳ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಬಿಗಿಯಾದ ಜೀನ್ಸ್, ಬೆವರು, ಒಂದೇ ಟವೆಲ್ಲು ಸೇರಿದರೆ ಇದಕ್ಕೆ ಇನ್ನೇನೂ ಬೇಕಿಲ್ಲ. ಇದರ ವಿಷಯ ಮುಂದೆ ವಿವರವಾಗಿ ಬರುತ್ತದೆ.

ಜಾಗ ನೋಡಿ ಒಂದು ಅಂದಾಜು ಮಾಡಬಹುದು. ಮುಂಗೈ, ಕುತ್ತಿಗೆ, ಮುಖ, ಎದೆ, ಅಂದರೆ ಪ್ರಾಣಿಯನ್ನು ಎತ್ತಿಕೊಂಡಾಗ ತಾಗುವ ಕಡೆಗಳಲ್ಲಿ ಸಣ್ಣ ಸಣ್ಣ ಉಂಗುರಗಳು ಒಟ್ಟೊಟ್ಟಿಗೆ ಎದ್ದಿದ್ದರೆ ಪ್ರಾಣಿಯ ಕಡೆ ಅನುಮಾನ. ಕೆಂಪು, ಊತ, ಕೀವು ಜೋರಾಗಿದ್ದರೂ ಹಾಗೇ. ನಮ್ಮ ಮೈಗೆ ಹೊಂದಿಕೊಳ್ಳದ ಶಿಲೀಂಧ್ರದ ಮೇಲೆ ದೇಹ ಹೆಚ್ಚು ಕೆರಳುತ್ತದೆ. ಬಟ್ಟೆ ಬಿಗಿಯುವ, ಬೆವರು ನಿಲ್ಲುವ ಕಡೆ ತಿಂಗಳುಗಟ್ಟಲೆ ನಿಧಾನವಾಗಿ ಹರಡುತ್ತಿದ್ದರೆ ಮನುಷ್ಯರ ಕಡೆ ಅನುಮಾನ. ಇದು ಅಂದಾಜು ಮಾತ್ರ, ತೀರ್ಪಲ್ಲ.

4. ಮನೆಯ ಪಟ್ಟಿ ಬರೆದುಕೊಳ್ಳಿ

ವೈದ್ಯರ ಬಳಿ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆಯಿರಿ: ಮನೆಯಲ್ಲಿ ಯಾರ್ಯಾರಿಗೆ ಇದೆ, ಮೊದಲು ಯಾರಿಗೆ ಬಂತು, ಮೈಯ ಯಾವ ಭಾಗದಲ್ಲಿ, ಇಲ್ಲಿಯವರೆಗೆ ಹಚ್ಚಿದ ಟ್ಯೂಬು, ನುಂಗಿದ ಮಾತ್ರೆ ಯಾವುವು, ಎಷ್ಟು ದಿನ. ಕೊಟ್ಟಿಗೆಯಲ್ಲಿ, ಮನೆಯಲ್ಲಿ ಯಾವ ಪ್ರಾಣಿಗಳಿವೆ, ಹೊಸದಾಗಿ ಯಾವುದು ಬಂತು. ಬೆಕ್ಕಿನ ಮರಿ ತಂದ ಒಂದೆರಡು ವಾರಕ್ಕೆ ಉಂಗುರ ಎದ್ದಿದ್ದರೆ ಅದು ಬಹಳ ಮುಖ್ಯವಾದ ಸುಳಿವು. ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಡಿ, ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ತೆಗೆದರೆ ಹರಡುತ್ತಿದೆಯೋ ಇಲ್ಲವೋ ಮುಂದಿನ ವಾರ ಗೊತ್ತಾಗುತ್ತದೆ.

5. ಪ್ರಾಣಿಗಳನ್ನು ನೋಡುವ ಬಗೆ

ಬೆಕ್ಕು, ನಾಯಿಯನ್ನು ಬೆಳಕಿಗೆ ತಂದು ಮುಖ, ಕಿವಿಯಂಚು, ಮುಂಗಾಲು, ಬಾಲದ ತುದಿಯ ಕೂದಲನ್ನು ಬಿಡಿಸಿ ನೋಡಿ. ಮುರಿದ ಕೂದಲು, ಬೂದಿಯಂಥ ಹೊಟ್ಟು, ಗುಂಡನೆಯ ಬೋಳು ಇವೇ ಗುರುತು. ತುರಿಕೆ ಇರಲೂಬಹುದು, ಇಲ್ಲದಿರಲೂಬಹುದು. ಏನೂ ಕಾಣದಿದ್ದರೂ ಮನೆಯವರ ಉಂಗುರ ಪ್ರಾಣಿಯ ಕಡೆ ಬೆರಳು ತೋರುತ್ತಿದ್ದರೆ ಹಲ್ಲುಜ್ಜುವ ಬ್ರಷ್ ವಿಧಾನ ಬಳಸಬಹುದು. ಪ್ಯಾಕೆಟ್ಟಿನಿಂದ ಈಗಷ್ಟೇ ತೆಗೆದ ಹೊಸ ಟೂತ್‌ಬ್ರಷ್ಷಿನಿಂದ ಪ್ರಾಣಿಯ ಇಡೀ ಮೈಯನ್ನು ಎರಡು ಮೂರು ನಿಮಿಷ ಉಜ್ಜಿ, ಗಾಯದ ಜಾಗವನ್ನು ಕೊನೆಗೆ ಉಜ್ಜಿ, ಬ್ರಷ್ಷನ್ನು ಮತ್ತೆ ಅದೇ ಪ್ಯಾಕೆಟ್ಟಿಗೆ ಹಾಕಿ ಪಶುವೈದ್ಯರಿಗೆ ಕೊಡಿ. ಬಿರುಸಾದ ಎಳೆಗಳಿಗೆ ಸಿಕ್ಕ ಕೂದಲು, ಹೊಟ್ಟಿನಿಂದಲೇ ಶಿಲೀಂಧ್ರವನ್ನು ಬೆಳೆಸಿ ನೋಡುತ್ತಾರೆ. ಪ್ರತಿ ಪ್ರಾಣಿಗೂ ಬೇರೆ ಬ್ರಷ್.

ಅಂಗಡಿಯಲ್ಲಿ ಸಿಗುವ ನೇರಳೆ ಟಾರ್ಚ್ ಹಿಡಿದು ನೀವೇ ತೀರ್ಮಾನ ಮಾಡಬೇಡಿ. ವೈದ್ಯರು ಬಳಸುವ ವುಡ್ಸ್ ದೀಪದ ಬೆಳಕು ಸುಮಾರು 365 ನ್ಯಾನೊಮೀಟರಿನ ನೇರಳಾತೀತ ಬೆಳಕು. ಆ ಬೆಳಕಿನಲ್ಲಿ ಮೈಕ್ರೋಸ್ಪೋರಮ್ ಕ್ಯಾನಿಸ್ ತಗುಲಿದ ಕೂದಲಿನ ಬುಡ ಎಳೆಹಸಿರಾಗಿ ಹೊಳೆಯುತ್ತದೆ. ಹೊಟ್ಟು, ಮುಲಾಮು, ಸೋಪಿನ ಅಂಶಗಳೂ ನೀಲಿಬಿಳುಪಾಗಿ ಹೊಳೆದು ದಾರಿ ತಪ್ಪಿಸುತ್ತವೆ. ಈ ಶಿಲೀಂಧ್ರದ ಅರ್ಧದಷ್ಟು ತಳಿಗಳು ಮಾತ್ರ ಹೊಳೆಯುತ್ತವೆ ಎಂದು ಬಹಳ ಕಾಲ ನಂಬಲಾಗಿತ್ತು. ಚಿಕಿತ್ಸೆ ಶುರುವಾಗದ ಪ್ರಾಣಿಗಳಲ್ಲಿ ಹೆಚ್ಚಿನವು ಹೊಳೆಯುತ್ತವೆ ಎಂದು ವಿಶ್ವ ಪಶುವೈದ್ಯಕೀಯ ಚರ್ಮರೋಗ ಸಂಘದ 2017ರ ಮಾರ್ಗಸೂಚಿ ಹೇಳುತ್ತದೆ. ಆದರೆ ಕರುವಿನ, ಮೊಲದ, ಗಿನಿ ಪಿಗ್ಗಿನ ಟ್ರೈಕೊಫೈಟಾನ್‌ಗಳು ಹೊಳೆಯುವುದಿಲ್ಲ. ಅದಕ್ಕೇ ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಶಿಲೀಂಧ್ರ ಇಲ್ಲ ಎಂದುಕೊಳ್ಳುವಂತಿಲ್ಲ.

6. ಪರೀಕ್ಷೆ ಕೇಳಿ ಪಡೆಯಿರಿ

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಚರ್ಮರೋಗ ವಿಭಾಗಕ್ಕೆ ಹೋದರೆ ಪಕ್ಕದಲ್ಲೇ ಮೈಕ್ರೋಬಯಾಲಜಿ ಪ್ರಯೋಗಾಲಯವೂ ಇರುತ್ತದೆ. ಮೊದಲನೆಯದು ಕೆ.ಒ.ಎಚ್. ಪರೀಕ್ಷೆ. ಉಂಗುರದ ಅಂಚಿನಿಂದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಿಲ್ಲ, ಅವತ್ತೇ ಫಲಿತಾಂಶ. ಶಿಲೀಂಧ್ರ ಇದೆಯೋ ಇಲ್ಲವೋ ಎಂಬುದು ಇದರಿಂದ ಗೊತ್ತಾಗುತ್ತದೆ, ಯಾವುದು ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಎರಡನೆಯದು, ಕಲ್ಚರ್. ಸಬೊರೊ ಅಗರ್ ಎಂಬ ಮಾಧ್ಯಮದ ಮೇಲೆ ಎರಡರಿಂದ ನಾಲ್ಕು ವಾರ ಬೆಳೆಸುತ್ತಾರೆ. ಆ ಹೆಸರು ಬಂದದ್ದು ನೂರು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಈ ಶಿಲೀಂಧ್ರಗಳನ್ನು ಒಂದೊಂದಾಗಿ ವಿಂಗಡಿಸುತ್ತ ಬದುಕು ಸವೆಸಿದ ರೇಮಂಡ್ ಸಬೊರೊ ಅವರಿಂದ. ಇಂದಿಗೂ ಜಿಲ್ಲಾ ಮಟ್ಟದಲ್ಲಿ ನಮಗೆ ದಾರಿ ತೋರಿಸುತ್ತಿರುವುದು ಅವರ ಮಾಧ್ಯಮವೇ.

ಶಿಲೀಂಧ್ರದ ಮುಲಾಮನ್ನು ಈಚೆಗೆ ಹಚ್ಚಿದ್ದರೆ ಶಿಲೀಂಧ್ರ ಇದ್ದರೂ ಕಲ್ಚರಿನಲ್ಲಿ ಏನೂ ಬೆಳೆಯದೆ ಸುಳ್ಳೇ ಶುದ್ಧ ಎಂದು ಬರಬಹುದು. ಎಷ್ಟು ದಿನ ಬಿಟ್ಟು ಬರಬೇಕೆಂದು ಕೇಳಿಕೊಂಡು ಹೋಗಿ. ತಲೆಯ ಹುಳುಕಡ್ಡಿಗೆ ಕತ್ತರಿಸಿದ ಕೂದಲು ಸಾಲದು, ಬುಡಸಹಿತ ಕಿತ್ತ ಮುರುಕು ಕೂದಲು ಬೇಕು.

ಸಣ್ಣದೊಂದು ಉಂಗುರ, ಮೊದಲ ಸಲ, ಮೈಮೇಲೆ ಮಾತ್ರ ಇದ್ದರೆ ಇಷ್ಟೆಲ್ಲ ಬೇಕೆಂದಿಲ್ಲ. ತಲೆಗೆ ಬಂದರೆ, ಮನೆಯಲ್ಲಿ ಹಲವರಿಗಿದ್ದರೆ, ಒಮ್ಮೆ ವಾಸಿಯಾಗಿ ಮರಳಿದ್ದರೆ, ಪ್ರಾಣಿಯ ಅನುಮಾನವಿದ್ದರೆ ಕಲ್ಚರ್ ಇಲ್ಲದೆ ಮುಂದೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

7. ಒಂದೇ ಪ್ರಭೇದದೊಳಗೆ ಬೇರೆ ಬೇರೆ ತಳಿ

ಗಂಗಾವತಿ, ಸಿಂಧನೂರಿನ ರೈತರಿಗೆ ತಳಿ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಭತ್ತ ಒಂದೇ ಬೆಳೆ. ಆದರೆ ಒಂದು ತಳಿಗೆ ಬೆಂಕಿರೋಗ ಬೇಗ ಬರುತ್ತದೆ, ಇನ್ನೊಂದು ತಡೆದುಕೊಳ್ಳುತ್ತದೆ. ಶಿಲೀಂಧ್ರದಲ್ಲೂ ಹಾಗೇ. ಹೆಸರು ಒಂದೇ ಇದ್ದರೂ ಒಂದು ತಳಿ ಔಷಧಿಗೆ ಸಾಯುತ್ತದೆ, ಇನ್ನೊಂದು ಸಾಯುವುದಿಲ್ಲ. ಒಂದು ತಳಿ ಬೆಕ್ಕಿಗೆ ಹೊಂದಿಕೊಂಡಿರುತ್ತದೆ, ಇನ್ನೊಂದು ಮನುಷ್ಯರಲ್ಲೇ ಸುತ್ತುತ್ತಿರುತ್ತದೆ.

ಇದಕ್ಕೆ ಕಣ್ಣೆದುರಿನ ಉದಾಹರಣೆ ಮೆಂಟಾಗ್ರೊಫೈಟಿಸ್ ಗುಂಪು. ರೈಬೋಸೋಮಿನ ಜೀನುಗಳ ನಡುವೆ ಐ.ಟಿ.ಎಸ್. ಎಂಬ ಡಿ.ಎನ್.ಎ. ತುಣುಕಿದೆ. ಅದರ ಅಕ್ಷರಗಳ ಸಣ್ಣ ವ್ಯತ್ಯಾಸ ನೋಡಿ ಈ ಗುಂಪಿನ ತಳಿಗಳಿಗೆ ಅಂಕಿ ಕೊಟ್ಟಿದ್ದಾರೆ. ಅದರಲ್ಲಿ 8ನೆಯದು ನಮ್ಮ ದೇಶದಲ್ಲಿ ಹರಡಿದ್ದು. ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಸಿಕ್ಕ ತಳಿಗಳನ್ನು ಪರೀಕ್ಷಿಸಿ 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂಬ ಪ್ರತ್ಯೇಕ ಹೆಸರು ಕೊಟ್ಟರು. 2023ರಲ್ಲಿ ನ್ಯೂಯಾರ್ಕಿನಲ್ಲೂ ಎರಡು ಪ್ರಕರಣ ವರದಿಯಾದವು. ಇದರ ಪೂರ್ವಜರು ಪ್ರಾಣಿಗಳ ಕಡೆಯ ಗುಂಪಿನವರಾದರೂ, ಈಗ ಇದು ಹರಡುತ್ತಿರುವುದು ಮನುಷ್ಯರಿಂದ ಮನುಷ್ಯರಿಗೆ. ಪ್ರಾಣಿಗಳಲ್ಲಿ ಸಿಕ್ಕಿರುವುದು ಅಪರೂಪ. ಸೂಕ್ಷ್ಮದರ್ಶಕದಲ್ಲಿ ಇದನ್ನು ಅಣ್ಣತಮ್ಮಂದಿರಿಂದ ಬೇರ್ಪಡಿಸಲಾಗುವುದಿಲ್ಲ. ಹಾಗಾಗಿ ಲ್ಯಾಬಿನ ವರದಿಯಲ್ಲಿ ‘ಮೆಂಟಾಗ್ರೊಫೈಟಿಸ್ ಕಾಂಪ್ಲೆಕ್ಸ್’ ಎಂದು ಬಂದರೆ, ಅಷ್ಟನ್ನೇ ನೋಡಿ ಮೊಲವನ್ನೋ ನಾಯಿಯನ್ನೋ ದೂರಬೇಡಿ. ತೊಡೆಸಂದಿಯಲ್ಲಿ ಅಗಲವಾಗಿ ಹರಡಿ ಮನೆಮಂದಿಗೆಲ್ಲ ಬಂದಿದ್ದರೆ ಅದು ಈ ತಳಿಯೇ ಇರುವ ಸಾಧ್ಯತೆ ಹೆಚ್ಚು.

ಹುಳುಕಡ್ಡಿಗೆ ಕೊಡುವ ಟರ್ಬಿನಾಫಿನ್ ಮಾತ್ರೆಗೆ ಇದು ಎಷ್ಟೋ ಸಲ ಏಕೆ ಬಗ್ಗುವುದಿಲ್ಲ ಎಂಬುದೂ ತಿಳಿದಿದೆ. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬು ಬೇಕು. ಅದನ್ನು ತಯಾರಿಸುವ ಹಾದಿಯಲ್ಲಿ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವ ಕೆಲಸ ಮಾಡುತ್ತದೆ. ಟರ್ಬಿನಾಫಿನ್ ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಆ ಕಿಣ್ವದ 393ನೇ ಅಥವಾ 397ನೇ ಸ್ಥಾನದ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದ್ದರೂ ಸಾಕು, ಔಷಧಿಗೆ ಹಿಡಿತ ಸಿಗುವುದಿಲ್ಲ. ಇಟ್ರಕೊನಜೋಲ್ ಎಂಬ ಇನ್ನೊಂದು ಔಷಧಿ ಅದೇ ಹಾದಿಯ ಬೇರೆ ಕಿಣ್ವವನ್ನು ಹಿಡಿಯುತ್ತದೆ, ಹಾಗಾಗಿ ಅದಿನ್ನೂ ಹೆಚ್ಚಿನವರಲ್ಲಿ ಕೆಲಸ ಮಾಡುತ್ತದೆ.

ಬೆಕ್ಕಿನ ಮೈಕ್ರೋಸ್ಪೋರಮ್ ಕ್ಯಾನಿಸ್ ಕಥೆ ಬೇರೆ. ಇದು ಕೂಡಿ ಸಂತಾನ ಪಡೆಯಲು ಗಂಡು-ಹೆಣ್ಣಿನಂಥ ಎರಡು ಬಗೆಗಳು ಇರಬೇಕು, ಆದರೆ ಜಗತ್ತಿನ ಬಹುಪಾಲು ಕಡೆ ಸಿಗುವುದು ಒಂದೇ ಬಗೆ. ಹಾಗಾಗಿ ಅದು ತನ್ನ ಪ್ರತಿಗಳನ್ನೇ ಮಾಡಿಕೊಂಡು ಹರಡುತ್ತದೆ. ತಳಿಗಳ ನಡುವಿನ ವ್ಯತ್ಯಾಸ ಬಹಳ ಕಡಿಮೆ. ಮೈಕ್ರೋಸ್ಯಾಟಲೈಟ್ ಎಂಬ ಪುನರಾವರ್ತಿತ ಡಿ.ಎನ್.ಎ. ತುಣುಕುಗಳನ್ನು ಹೋಲಿಸಿದಾಗ ಮಾತ್ರ ಮಗುವಿನ ಉಂಗುರ ಇದೇ ಬೆಕ್ಕಿನಿಂದ ಬಂದದ್ದೇ ಎಂಬ ಪ್ರಶ್ನೆಗೆ ಉತ್ತರ ಸಿಗಬಹುದು. ಇದು ಸಂಶೋಧನಾ ಪ್ರಯೋಗಾಲಯದ ಕೆಲಸ. ಮನೆಯ ಮಟ್ಟಿಗೆ ಬೆಕ್ಕಿನಲ್ಲೂ ಮಗುವಿನಲ್ಲೂ ಮೈಕ್ರೋಸ್ಪೋರಮ್ ಕ್ಯಾನಿಸ್ ಬೆಳೆದರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಶುರುಮಾಡಲು ಅಷ್ಟೇ ಸಾಕು.

8. ಮನುಷ್ಯರ ಚಿಕಿತ್ಸೆ

ಮೈಮೇಲಿನ ಸಣ್ಣ ಉಂಗುರಕ್ಕೆ ಕ್ಲೋಟ್ರಿಮಜೋಲ್, ಲುಲಿಕೊನಜೋಲ್‌ನಂಥ ಬರೀ ಶಿಲೀಂಧ್ರದ ಮುಲಾಮು ಸಾಕಾಗಬಹುದು. ಉಂಗುರದ ಮೇಲಷ್ಟೇ ಅಲ್ಲ, ಅಂಚು ದಾಟಿ ಸುಮಾರು 2 ಸೆಂಟಿಮೀಟರ್ ಆಚೆಗೂ ಹಚ್ಚಿ. ಕಾಣದಂತಾದ ಮೇಲೂ ಕನಿಷ್ಠ 2 ವಾರ ಮುಂದುವರಿಸಿ. ಅರ್ಧಕ್ಕೆ ಬಿಡುವುದೇ ಮರಳಿ ಬರಲು ದೊಡ್ಡ ಕಾರಣ.

ತಲೆಗೆ ಮುಲಾಮು ಸಾಲದು, ಶಿಲೀಂಧ್ರ ಕೂದಲಿನೊಳಗೆ ಇರುತ್ತದೆ. ಮಾತ್ರೆ ಬೇಕೇ ಬೇಕು. ಕಲ್ಚರ್ ವರದಿಗೆ ಬೆಲೆ ಬರುವುದು ಇಲ್ಲೇ. ಮೈಕ್ರೋಸ್ಪೋರಮ್ ಆದರೆ ಗ್ರಿಸಿಯೊಫುಲ್ವಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಟ್ರೈಕೊಫೈಟಾನ್ ಆದರೆ ಟರ್ಬಿನಾಫಿನ್ ಮೇಲು. ತಲೆಯಲ್ಲಿ ಮೆತ್ತಗಿನ ಕೀವುಗಡ್ಡೆ ಎದ್ದರೆ ಕುರುವೆಂದು ಕೊಯ್ಯಿಸಬೇಡಿ. ಅದು ಕೆರಿಯಾನ್ ಎಂಬ ಸ್ಥಿತಿ, ತಡವಾದರೆ ಅಲ್ಲಿ ಕೂದಲು ಮತ್ತೆ ಬೆಳೆಯದಿರಬಹುದು.

ಇಟ್ರಕೊನಜೋಲ್ ಕ್ಯಾಪ್ಸೂಲ್ ಬರೆದುಕೊಟ್ಟರೆ ಊಟದ ಜೊತೆ ನುಂಗಿ. ಹೊಟ್ಟೆಯಲ್ಲಿ ಆಮ್ಲ ಇದ್ದರೆ ಮಾತ್ರ ಅದು ಮೈಗೆ ಹತ್ತುತ್ತದೆ. ನಮ್ಮಲ್ಲಿ ಅನೇಕರು ದಿನವೂ ಬೆಳಿಗ್ಗೆ ಗ್ಯಾಸ್ ಮಾತ್ರೆ ನುಂಗುತ್ತಾರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಗುಣವಾಗದ ಎಷ್ಟೋ ಪ್ರಕರಣಗಳಲ್ಲಿ ತಳಿಯ ತಪ್ಪಿಲ್ಲ, ಔಷಧಿ ರಕ್ತಕ್ಕೇ ಸೇರಿಲ್ಲ. ಹೃದಯದ ತೊಂದರೆ, ಲಿವರ್ ಕಾಯಿಲೆ ಇದ್ದವರು, ಗರ್ಭಿಣಿಯರು, ಬಿ.ಪಿ., ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ತಾವಾಗಿಯೇ ಕೊಂಡು ನುಂಗಬಾರದು.

ಮನೆಯಲ್ಲಿ ಇರುವವರಿಗೆಲ್ಲ ಒಂದೇ ಸಮಯಕ್ಕೆ ಚಿಕಿತ್ಸೆ ಆಗಬೇಕು. ಮಗನಿಗೆ ಔಷಧಿ ಕೊಡಿಸಿ, ‘ನನಗಿರ್ಲಿ ಬಿಡಪ್ಪಾ, ವಯಸ್ಸಾತು’ ಎಂದು ತುರಿಸಿಕೊಳ್ಳುತ್ತ ಕೂರುವ ಅವ್ವನಿಂದ ಅದು ಮತ್ತೆ ಮಗನಿಗೇ ಬರುತ್ತದೆ.

9. ಪ್ರಾಣಿಗಳ ಚಿಕಿತ್ಸೆ

ಮೊದಲು ಮಾಡಬಾರದ್ದು. ನಾಯಿಗೆ ಸೀಮೆಎಣ್ಣೆ, ಡೀಸೆಲ್, ಸುಟ್ಟ ಎಂಜಿನ್ ಆಯಿಲ್ ಸುರಿಯುವುದನ್ನು ಇಂದೇ ನಿಲ್ಲಿಸಿ. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆ, ಶ್ವಾಸಕೋಶ ಕೆಡುತ್ತವೆ. ಬೆಕ್ಕಿಗೆ ಡೆಟ್ಟಾಲ್, ಫಿನಾಯಿಲ್, ಟೀ ಟ್ರೀ ಎಣ್ಣೆ ವಿಷ. ಮನುಷ್ಯರ ಮಾತ್ರೆಯನ್ನು ಅಂದಾಜಿನ ಮೇಲೆ ಮುರಿದು ಕೊಡಬೇಡಿ.

ಬೆಕ್ಕಿಗೆ ಒಳಗಿನಿಂದ ಮತ್ತು ಹೊರಗಿನಿಂದ ಎರಡೂ ಚಿಕಿತ್ಸೆ ಬೇಕು. ಪಶುವೈದ್ಯರು ಸಾಮಾನ್ಯವಾಗಿ ಇಟ್ರಕೊನಜೋಲನ್ನು ಒಂದು ವಾರ ಕೊಟ್ಟು, ಒಂದು ವಾರ ಬಿಟ್ಟು ಮುಂದುವರಿಸುತ್ತಾರೆ. ಜೊತೆಗೆ ವಾರಕ್ಕೆ ಎರಡು ಬಾರಿ ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಇರುವ ಶ್ಯಾಂಪೂ, ಅಥವಾ ಸುಣ್ಣ-ಗಂಧಕದ ದ್ರಾವಣ. ಮಾತ್ರೆ ಒಳಗಿನ ಶಿಲೀಂಧ್ರವನ್ನು ನಿಲ್ಲಿಸಿದರೂ ಕೂದಲ ಮೇಲಿನ ಬೀಜಕಣಗಳನ್ನು ಕೊಲ್ಲುವುದು ಈ ಸ್ನಾನವೇ. ಅಷ್ಟು ದಿನ ಬೆಕ್ಕನ್ನು ಸುಲಭವಾಗಿ ಒರೆಸಬಹುದಾದ ಒಂದು ಕೋಣೆಯಲ್ಲಿ ಇಡಿ. ಆದರೆ ಮರಿಯನ್ನು ಮುಟ್ಟದೆ ಒಂಟಿಯಾಗಿ ಬಿಡಬೇಡಿ. ಮರಿಗಳಿಗೆ ಆ ವಯಸ್ಸಿನಲ್ಲಿ ಮನುಷ್ಯರ ಒಡನಾಟ ಬೇಕು. ಉದ್ದ ತೋಳಿನ ಹಳೆಯ ಅಂಗಿ ತೊಟ್ಟು ಆಡಿಸಿ, ಆಮೇಲೆ ಅಂಗಿ ಒಗೆಯಿರಿ, ಕೈ ತೊಳೆಯಿರಿ.

ಕರುಗಳಲ್ಲಿ ಇದು ಹೆಚ್ಚಾಗಿ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೂ ಕೈಗವಸು ಹಾಕಿಕೊಂಡು ಹೆಕ್ಕಳವನ್ನು ನೆನೆಸಿ ತೆಗೆದು, ಪಶುವೈದ್ಯರು ಹೇಳಿದ ಔಷಧಿ ಹಚ್ಚಿ. ತೆಗೆದ ಹೆಕ್ಕಳವನ್ನು ಕೊಟ್ಟಿಗೆಯಲ್ಲೇ ಉದುರಿಸದೆ ಸುಟ್ಟುಹಾಕಿ. ಒಂದರ ಕಣ್ಣಿ, ಹಗ್ಗ ಇನ್ನೊಂದಕ್ಕೆ ಬೇಡ. ಕತ್ತಲ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ಕಟ್ಟಿದ ಕರುಗಳಿಗೇ ಇದು ಜಾಸ್ತಿ, ಬಿಸಿಲಿಗೆ ಬಿಟ್ಟರೆ ಬೇಗ ಗುಣ.

10. ಮನೆ, ಕೌದಿ, ಬಟ್ಟೆ

ಮೈಕ್ರೋಸ್ಪೋರಮ್ ಕ್ಯಾನಿಸ್ ಬೀಜಕಣಗಳು ಉದುರಿದ ಕೂದಲಿನಲ್ಲಿ 18 ತಿಂಗಳವರೆಗೂ ಜೀವಂತ ಉಳಿಯಬಲ್ಲವು. ಹಾಗೆಂದು ಹೆದರಿ ಸಾಮಾನೆಲ್ಲ ಸುಡಬೇಕಿಲ್ಲ. ಕ್ರಮ ಮುಖ್ಯ. ಮೊದಲು ಕೂದಲು, ಧೂಳು ತೆಗೆಯಿರಿ. ಒಣ ಕಸಬರಿಗೆಯಿಂದ ಗುಡಿಸಿದರೆ ಕಣಗಳು ಗಾಳಿಗೆ ಏಳುತ್ತವೆ, ಒದ್ದೆ ಬಟ್ಟೆಯಿಂದ ಒರೆಸುವುದು ವಾಸಿ. ಆಮೇಲೆ ಸೋಪಿನ ನೀರಿನಿಂದ ತಿಕ್ಕಿ ತೊಳೆಯಿರಿ. ಕೊನೆಗೆ ಬ್ಲೀಚ್: ಬಾಟಲಿಯಲ್ಲಿ ಸಿಗುವ ಸೋಡಿಯಮ್ ಹೈಪೊಕ್ಲೋರೈಟ್ 1 ಪಾಲಿಗೆ 32 ಪಾಲು ನೀರು, 10 ನಿಮಿಷ ನೆನೆಯಬೇಕು. ಕೊಳೆ ತೆಗೆಯದೆ ಬರೀ ಬ್ಲೀಚ್ ಸುರಿದರೆ ಪ್ರಯೋಜನ ಕಡಿಮೆ. ಟಾಯ್ಲೆಟ್ ಆಸಿಡ್ ಜೊತೆ ಇದನ್ನು ಎಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ನೆಲ ಒಣಗುವ ತನಕ ಬೆಕ್ಕು ಬರಕೂಡದು.

ಬೆಕ್ಕು ಮಲಗಿದ ಕೌದಿ, ಹೊದಿಕೆಗಳನ್ನು ಬೇರೆಯಾಗಿ ಎರಡು ಸಲ ಒಗೆಯಿರಿ. ಮನುಷ್ಯರಿಂದ ಹರಡುವ ಹುಳುಕಡ್ಡಿಯಾದರೆ ತೊಳೆಯಬೇಕಾದ್ದು ನೆಲಕ್ಕಿಂತ ಹೆಚ್ಚಾಗಿ ಒಳಉಡುಪು, ಟವೆಲ್ಲು, ಸೊಂಟದ ಉಡುದಾರ. ಉಡುದಾರವನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಬೆವರು ಕುಡಿದ ಆ ದಾರದ ಕೆಳಗೇ ಉಂಗುರ ಮರಳುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ಅದನ್ನು ತೆಗೆದಿಡಿ, ಆಮೇಲೆ ಹೊಸದು ಕಟ್ಟಿಕೊಳ್ಳಿ. ಒಳಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಜೀನ್ಸ್ ಬದಲು ಸಡಿಲವಾದ ಹತ್ತಿ ಬಟ್ಟೆ ಹಾಕಿ. ಭತ್ತದ ಗದ್ದೆಯಿಂದ ಬಂದ ಮೇಲೆ ಒದ್ದೆ ಬಟ್ಟೆಯಲ್ಲೇ ಕೂರಬೇಡಿ.

11. ಆದರೂ ಹೋಗದಿದ್ದರೆ

ಸರಿಯಾದ ಔಷಧಿಯನ್ನು ಸರಿಯಾಗಿ 4 ವಾರ ತೆಗೆದುಕೊಂಡರೂ ಅಂಚು ಹಿಂದೆ ಸರಿಯದಿದ್ದರೆ ಅಂಗಡಿಯಿಂದ ಅಂಗಡಿಗೆ ಅಲೆಯದೆ, ಅದೇ ವೈದ್ಯರ ಬಳಿ ಹೋಗಿ ಮೂರು ಪ್ರಶ್ನೆ ಕೇಳಿ. ಕಲ್ಚರಿನಲ್ಲಿ ಬೆಳೆದ ಪ್ರಭೇದ ಯಾವುದು? ಅದರ ಮೇಲೆ ಔಷಧಿಗಳ ಪರಿಣಾಮ ಪರೀಕ್ಷೆ ಮಾಡಿಸಬಹುದೇ? ತಳಿಯ ಡಿ.ಎನ್.ಎ. ಪರೀಕ್ಷೆಗೆ ಮಾದರಿಯನ್ನು ದೊಡ್ಡ ಕೇಂದ್ರಕ್ಕೆ ಕಳಿಸಲು ಸಾಧ್ಯವೇ? ಚಂಡೀಗಢದ ಪಿ.ಜಿ.ಐ.ಎಂ.ಇ.ಆರ್. ಸಂಸ್ಥೆಯಲ್ಲಿ ರೋಗಕಾರಕ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವಿದೆ, ವೈದ್ಯಕೀಯ ಕಾಲೇಜುಗಳ ಮೂಲಕ ಅಂಥ ಕಡೆಗೆ ಬರೆದು ಕೇಳಬಹುದು. ಟರ್ಬಿನಾಫಿನ್‌ನಿಂದ ಇಟ್ರಕೊನಜೋಲಿಗೆ ಬದಲಿಸುವುದು, ಅವಧಿ ಹೆಚ್ಚಿಸುವುದು ವೈದ್ಯರ ನಿರ್ಧಾರ. ಅಂಗಡಿಯವರೋ ನೆಂಟರೋ ಹೇಳಿದರೆಂದು ಡೋಸ್ ದುಪ್ಪಟ್ಟು ಮಾಡಿಕೊಳ್ಳುವುದು ಅಪಾಯ.

ನಿಮ್ಮ ಕಲ್ಚರ್ ವರದಿಯ ಪ್ರತಿಯನ್ನು ಪಶುವೈದ್ಯರಿಗೂ, ಬೆಕ್ಕಿನ ವರದಿಯನ್ನು ಚರ್ಮವೈದ್ಯರಿಗೂ ತೋರಿಸಿ. ಇಬ್ಬರೂ ಒಂದೇ ಊರಿನಲ್ಲಿ ಕೂತಿದ್ದರೂ ಒಬ್ಬರ ಕಾಗದ ಇನ್ನೊಬ್ಬರಿಗೆ ತಲುಪುವುದು ನಿಮ್ಮ ಕೈಯಿಂದಲೇ. ಹಸು, ಎಮ್ಮೆಗಳ ವಿಷಯವಾದರೆ 1962ಕ್ಕೆ ಕರೆ ಮಾಡಿ ಪಶು ಸಂಜೀವಿನಿ ವಾಹನ ಕೇಳಬಹುದು. ಬೆಕ್ಕಿನ ಕೂದಲು ಮರಳಿ ಬೆಳೆದ ಮಾತ್ರಕ್ಕೆ ಔಷಧಿ ನಿಲ್ಲಿಸಬೇಡಿ. ಟೂತ್‌ಬ್ರಷ್ ಕಲ್ಚರ್ ಶುದ್ಧ ಬರುವ ತನಕ ಪಶುವೈದ್ಯರು ಹೇಳಿದಂತೆ ಮುಂದುವರಿಸಿ, ಸಾಧ್ಯವಿದ್ದರೆ ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಿ. ಎರಡೂ ಸಲ ಏನೂ ಬೆಳೆಯದಿದ್ದರೆ ಬೆಕ್ಕನ್ನು ಕೋಣೆಯಿಂದ ಹೊರಗೆ ಬಿಡಬಹುದು, ಮಗುವಿನ ಹಾಸಿಗೆಗೂ ಬರಬಹುದು.